ಕೇಂದ್ರೀಕೃತ ಅಲ್ಟ್ರಾಸೌಂಡ್ ಚಿಕಿತ್ಸೆ

ಕಿವಿಗೆ ಕೇಳಿಸದಷ್ಟು ಹೆಚ್ಚಿನ ಆವರ್ತನದ ಧ್ವನಿ ಅಲೆಗಳನ್ನು ಹೊರಗಿನಿಂದಲೇ ದೇಹದೊಳಕ್ಕೆ ಹಾಯಿಸಿ, ಗಡ್ಡೆ ಇರುವ ಜಾಗದಲ್ಲಿ ಅವೆಲ್ಲ ಒಂದೆಡೆ ಕೂಡುವಂತೆ ಮಾಡಿ, ಅಲ್ಲಿಯ ಅಂಗಾಂಶವನ್ನು ನಾಶಪಡಿಸುವ ಚಿಕಿತ್ಸೆ. ಇಲ್ಲಿ ಚರ್ಮವನ್ನು ಕೊಯ್ಯುವುದಿಲ್ಲ, ಗಡ್ಡೆಗೆ ಸೂಜಿ ಇಳಿಸುವುದಿಲ್ಲ. ಜನ ‘ಕರೆಂಟ್ ಕೊಡುವುದು’ ಎನ್ನುವ ವಿಕಿರಣ ಚಿಕಿತ್ಸೆಯೂ ಇದಲ್ಲ. ಅಲೆಗಳು ಎಲ್ಲಿ ಕೂಡುತ್ತಿವೆ, ಅಲ್ಲಿ ಏನಾಗುತ್ತಿದೆ ಎಂಬುದನ್ನು ಎಂಆರ್‌ಐ ಅಥವಾ ಮಾಮೂಲು ಅಲ್ಟ್ರಾಸೌಂಡ್ ಸ್ಕ್ಯಾನಿಂಗ್‌ನ ಪರದೆಯ ಮೇಲೆ ನೋಡುತ್ತಲೇ ವೈದ್ಯರು ಕೆಲಸ ಮಾಡುತ್ತಾರೆ. ಆಸ್ಪತ್ರೆಗಳಲ್ಲಿ ಇದಕ್ಕೆ ಹೈಫು ಎಂಬ ಚುಟುಕು ಹೆಸರಿದೆ; ಎಂಆರ್‌ಐ ಯಂತ್ರದೊಳಗೇ ನಡೆಸುವ ಬಗೆಗೆ ಎಂಆರ್‌ಜಿಎಫ್‌ಯುಎಸ್ ಎನ್ನುತ್ತಾರೆ. ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆ, ಮೂಳೆಗೆ ಹರಡಿದ ಕ್ಯಾನ್ಸರಿನ ನೋವು, ಪ್ರಾಸ್ಟೇಟ್ ಗ್ರಂಥಿ ಮತ್ತು ಲಿವರ್‌ನ ಗಡ್ಡೆಗಳು ಇದರ ಮುಖ್ಯ ಕಾರ್ಯಕ್ಷೇತ್ರ.

ಈ ಚಿಕಿತ್ಸೆಯ ಕಥೆಯನ್ನು ಸಾಮಾನ್ಯವಾಗಿ ಧ್ವನಿಯ ಕಥೆಯಾಗಿ ಹೇಳುತ್ತಾರೆ. ಚಿತ್ರದ ಕಥೆಯಾಗಿ ನೋಡಿದರೆ ಅದು ಹೆಚ್ಚು ಅರ್ಥವಾಗುತ್ತದೆ. ಧ್ವನಿಯಿಂದ ಒಳಗಿನ ಮಾಂಸವನ್ನು ಸುಡಬಹುದು ಎಂಬುದು 1942ರಲ್ಲೇ ತಿಳಿದಿತ್ತು. ಸುಡುತ್ತಿರುವ ಜಾಗವನ್ನು, ಅದರ ಬಿಸಿಯನ್ನು, ಆಗಿಂದಾಗಲೇ ಕಾಣುವ ಉಪಾಯ ಸಿಗಲು ಮತ್ತೆ ಐವತ್ತು ವರ್ಷ ಹಿಡಿಯಿತು. ಅಲ್ಲಿಯ ತನಕ ಇದು ಬಹುಮಟ್ಟಿಗೆ ಪ್ರಯೋಗಾಲಯದಲ್ಲೇ ಉಳಿದಿದ್ದಕ್ಕೆ ಅದೇ ದೊಡ್ಡ ಕಾರಣ.

ಅಲೆ, ಬಿಸಿ ಮತ್ತು ಹೊತ್ತು

ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಕೇಳಬಲ್ಲದು. ಈ ಚಿಕಿತ್ಸೆಯಲ್ಲಿ ಬಳಸುವ ಅಲೆಗಳು ಹೆಚ್ಚಾಗಿ ಸೆಕೆಂಡಿಗೆ 5 ಲಕ್ಷದಿಂದ 40 ಲಕ್ಷ ಕಂಪನಗಳವು. ದೇಹದ ಮೃದು ಅಂಗಾಂಶದಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1,540 ಮೀಟರ್. ಹೀಗಾಗಿ 10 ಲಕ್ಷ ಕಂಪನಗಳ ಅಲೆಯ ಉದ್ದ ಒಂದೂವರೆ ಮಿಲಿಮೀಟರ್ ಆಗುತ್ತದೆ. ಬಟ್ಟಲಿನಂತೆ ಒಳಬಾಗಿದ ಪೀಜೋ ಸೆರಾಮಿಕ್ ತಟ್ಟೆಗೆ ವಿದ್ಯುತ್ ಕೊಟ್ಟರೆ ಅದು ಕಂಪಿಸಿ ಅಲೆಗಳನ್ನು ಹೊಮ್ಮಿಸುತ್ತದೆ. ಅದರ ಬಾಗಿನಿಂದಾಗಿ ಅಲೆಗಳೆಲ್ಲ ಮುಂದೆ ಒಂದು ಸಂಗಮಬಿಂದುವಿನಲ್ಲಿ ಸೇರುತ್ತವೆ. ಈ ಸಾಧನವೇ ಟ್ರಾನ್ಸ್‌ಡ್ಯೂಸರ್. ಈಗಿನವುಗಳಲ್ಲಿ ಒಂದೇ ತಟ್ಟೆಯ ಬದಲು ನೂರಾರು ಚಿಕ್ಕ ತುಣುಕುಗಳಿರುತ್ತವೆ. ಒಂದೊಂದು ತುಣುಕನ್ನೂ ಕೊಂಚ ಹಿಂದುಮುಂದಾಗಿ ಕಂಪಿಸಿದರೆ ಯಂತ್ರವನ್ನು ಅಲುಗಾಡಿಸದೆಯೇ ಸಂಗಮಬಿಂದುವನ್ನು ಸರಿಸಬಹುದು.

ಬಿಂದು ಎಂದರೂ ಅದಕ್ಕೊಂದು ಗಾತ್ರವಿದೆ. ಅಡ್ಡಕ್ಕೆ ಒಂದರಿಂದ ಮೂರು ಮಿಲಿಮೀಟರ್, ಉದ್ದಕ್ಕೆ ಒಂದು ಸೆಂಟಿಮೀಟರಿನ ಆಸುಪಾಸು. ಒಂದು ಅಕ್ಕಿಕಾಳಿನಷ್ಟು ಜಾಗ ಎನ್ನಬಹುದು. ಕಿತ್ತಳೆಹಣ್ಣಿನ ಗಾತ್ರದ ಗಡ್ಡೆಯನ್ನು ಹೀಗೆ ಕಾಳುಕಾಳಾಗಿ ಸುಡಬೇಕೆಂದರೆ ಎಷ್ಟು ಹೊತ್ತಾದೀತು ಎಂಬ ಪ್ರಶ್ನೆ ಇಲ್ಲೇ ಹುಟ್ಟಿಕೊಳ್ಳುತ್ತದೆ, ಮತ್ತು ಅದು ಈ ಚಿಕಿತ್ಸೆಯನ್ನು ಇಂದಿಗೂ ಬಿಟ್ಟಿಲ್ಲ.

ಆವರ್ತನ ಹೆಚ್ಚಿದಷ್ಟೂ ಸಂಗಮಬಿಂದು ಸಣ್ಣದಾಗುತ್ತದೆ, ಗುರಿ ನಿಖರವಾಗುತ್ತದೆ. ಆದರೆ ಹೆಚ್ಚಿನ ಆವರ್ತನದ ಅಲೆ ದಾರಿಯಲ್ಲೇ ಬೇಗ ಕ್ಷೀಣಿಸುತ್ತದೆ. 10 ಲಕ್ಷ ಕಂಪನಗಳ ಅಲೆ ಮೃದು ಅಂಗಾಂಶದಲ್ಲಿ ಸುಮಾರು 6 ಸೆಂಟಿಮೀಟರ್ ಸಾಗುವಷ್ಟರಲ್ಲಿ ಅರ್ಧ ಶಕ್ತಿ ಕಳೆದುಕೊಂಡರೆ, 35 ಲಕ್ಷ ಕಂಪನಗಳದು 2 ಸೆಂಟಿಮೀಟರಿನೊಳಗೇ ಕಳೆದುಕೊಳ್ಳುತ್ತದೆ. ಆದ್ದರಿಂದಲೇ ಗುದದ್ವಾರದ ಮೂಲಕ ಹತ್ತಿರದಿಂದ ತಲುಪಬಹುದಾದ ಪ್ರಾಸ್ಟೇಟ್‌ಗೆ ಹೆಚ್ಚಿನ ಆವರ್ತನ, ಹೊಟ್ಟೆಯಾಳದ ಗಡ್ಡೆಗೆ ಕಡಿಮೆ ಆವರ್ತನ, ತಲೆಬುರುಡೆ ದಾಟಬೇಕಾದಾಗ ಇನ್ನೂ ಕಡಿಮೆ.

ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿಂಗ್‌ನಲ್ಲಿ ಬಳಸುವುದೂ ಇದೇ ಜಾತಿಯ ಅಲೆ. ಅದರ ತೀವ್ರತೆ ಚದರ ಸೆಂಟಿಮೀಟರಿಗೆ ಒಂದು ವ್ಯಾಟ್‌ಗಿಂತ ಕಡಿಮೆ. ಇಲ್ಲಿ ಸಂಗಮಬಿಂದುವಿನಲ್ಲಿ ಅದು ಸಾವಿರ ವ್ಯಾಟ್ ದಾಟುವುದು ಸಾಮಾನ್ಯ. ಅಂಗಾಂಶ ಈ ಶಕ್ತಿಯನ್ನು ಹೀರಿಕೊಂಡು ಬಿಸಿಯಾಗುತ್ತದೆ. ಎಷ್ಟು ಬಿಸಿ, ಎಷ್ಟು ಹೊತ್ತು ಎಂಬುದಕ್ಕೆ 1984ರಲ್ಲಿ ಸಪರೆಟೊ ಮತ್ತು ಡ್ಯೂಯಿ ಕೊಟ್ಟ ಲೆಕ್ಕವನ್ನೇ ಇಂದಿಗೂ ಬಳಸುತ್ತಾರೆ: 43 ಡಿಗ್ರಿ ಸೆಲ್ಸಿಯಸ್‌ನಲ್ಲಿ 240 ನಿಮಿಷ ಇಟ್ಟರೆ ಅಂಗಾಂಶ ಖಚಿತವಾಗಿ ಸಾಯುತ್ತದೆ ಎಂದು ಹಿಡಿದರೆ, ಅದರ ಮೇಲೆ ಒಂದೊಂದು ಡಿಗ್ರಿ ಏರಿದಾಗಲೂ ಬೇಕಾಗುವ ಹೊತ್ತು ಅರ್ಧಕ್ಕಿಳಿಯುತ್ತದೆ. 56 ಡಿಗ್ರಿಗೆ ಬರುವಷ್ಟರಲ್ಲಿ ನಾಲ್ಕು ಗಂಟೆಯ ಕೆಲಸ ಎರಡು ಸೆಕೆಂಡಿಗೂ ಕಡಿಮೆಯಾಗಿರುತ್ತದೆ. ಪ್ರೋಟೀನುಗಳು ಹೆಪ್ಪುಗಟ್ಟಿ ಜೀವಕೋಶಗಳು ಅಲ್ಲೇ ಸಾಯುತ್ತವೆ. ಸತ್ತ ಭಾಗಕ್ಕೂ ಬದುಕಿದ ಭಾಗಕ್ಕೂ ನಡುವಿನ ಗಡಿ ಕೆಲವೇ ಜೀವಕೋಶಗಳಷ್ಟು ಅಗಲ. ವಿಕಿರಣಕ್ಕಿರುವಂಥ ಜೀವಮಾನದ ಮಿತಿ ಇದಕ್ಕಿಲ್ಲ. ಬೇಕೆಂದರೆ ಅದೇ ಜಾಗಕ್ಕೆ ಮತ್ತೆ ಕೊಡಬಹುದು.

ಇದೆಲ್ಲ ಕಾಗದದ ಮೇಲಿನ ಲೆಕ್ಕ. ಬದುಕಿರುವ ದೇಹದಲ್ಲಿ ರಕ್ತ ಹರಿಯುತ್ತಿರುತ್ತದೆ, ಅದು ಬಿಸಿಯನ್ನು ಹೊತ್ತೊಯ್ಯುತ್ತದೆ. ದಪ್ಪ ರಕ್ತನಾಳದ ಪಕ್ಕದ ಗಡ್ಡೆ ಎಷ್ಟು ಸುಟ್ಟರೂ ಪೂರ್ತಿ ಸುಡದೆ ಉಳಿಯಬಹುದು. ಒಬ್ಬರ ಕೊಬ್ಬಿನ ಪದರ ಇನ್ನೊಬ್ಬರದಕ್ಕಿಂತ ದಪ್ಪವಿರುತ್ತದೆ. ಹೀಗಾಗಿ ಇಂತಿಷ್ಟು ಶಕ್ತಿ ಕೊಟ್ಟರೆ ಇಂತಿಷ್ಟು ಬಿಸಿ ಎಂದು ಮೊದಲೇ ಹೇಳಲಾಗದು. ನೋಡಬೇಕು.

ಕುರುಡಾಗಿ ನಡೆದ ಅರ್ಧ ಶತಮಾನ

ಸ್ಫಟಿಕಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂಬುದನ್ನು ಪಿಯರ್ ಮತ್ತು ಜಾಕ್ ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದರು. ಪಿಯರ್ ಕ್ಯೂರಿಯ ಶಿಷ್ಯ ಪಾಲ್ ಲಾಂಜೆವಿನ್ ಮೊದಲ ಮಹಾಯುದ್ಧದ ಕಾಲದಲ್ಲಿ ಇದೇ ಗುಣವನ್ನು ತಿರುವುಮುರುವಾಗಿಸಿ, ಜಲಾಂತರ್ಗಾಮಿಗಳನ್ನು ಪತ್ತೆಮಾಡಲು ನೀರಿನಲ್ಲಿ ಶ್ರವಣಾತೀತ ಅಲೆಗಳನ್ನು ಎಬ್ಬಿಸಿದ. ಅಲೆಯ ದಾರಿಗೆ ಬಂದ ಮೀನುಗಳು ಸತ್ತವು, ಕೈಯಿಟ್ಟರೆ ನೋವಾಗುತ್ತಿತ್ತು. 1927ರಲ್ಲಿ ಅಮೆರಿಕದ ರಾಬರ್ಟ್ ವುಡ್ ಮತ್ತು ಆಲ್ಫ್ರೆಡ್ ಲೂಮಿಸ್ ಮೀನು, ಕಪ್ಪೆಗಳ ಮೇಲೆ ಇದನ್ನು ವ್ಯವಸ್ಥಿತವಾಗಿ ಪರೀಕ್ಷಿಸಿ ಬರೆದರು.

ಇದೇ ಕಾಲಘಟ್ಟದಲ್ಲಿ ಬೆಂಗಳೂರೂ ಒಮ್ಮೆ ಈ ಚಿತ್ರದೊಳಗೆ ಬಂದು ಹೋಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ. ವಿ. ರಾಮನ್ ಮತ್ತು ಎನ್. ಎಸ್. ನಾಗೇಂದ್ರನಾಥ್ 1935-36ರಲ್ಲಿ, ಶ್ರವಣಾತೀತ ಅಲೆಗಳು ಹಾಯುತ್ತಿರುವ ದ್ರವದಲ್ಲಿ ಬೆಳಕು ಹೇಗೆ ಚದುರುತ್ತದೆ ಎಂಬುದನ್ನು ಗಣಿತದಿಂದ ವಿವರಿಸಿದರು. ಚಿಕಿತ್ಸೆ ಅವರ ಮನಸ್ಸಿನಲ್ಲಿರಲಿಲ್ಲ. ಆದರೂ ಟ್ರಾನ್ಸ್‌ಡ್ಯೂಸರ್‌ನಿಂದ ಹೊಮ್ಮುವ ಅಲೆಯ ಆಕಾರವನ್ನು ಬೆಳಕಿನ ಸಹಾಯದಿಂದ ಕಣ್ಣಿಗೆ ಕಾಣಿಸುವ, ಅಳೆಯುವ ವಿಧಾನಗಳು ರಾಮನ್-ನಾಥ್ ಸಿದ್ಧಾಂತದ ಮೇಲೆಯೇ ನಿಂತಿವೆ.

ಅಲೆಗಳನ್ನು ಕೇಂದ್ರೀಕರಿಸಿ ಆಳದಲ್ಲಿ ಮಾತ್ರ ಗಾಯ ಮಾಡಬಹುದೆಂದು ತೋರಿಸಿದವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಜಾನ್ ಲಿನ್ ಮತ್ತು ಸಂಗಡಿಗರು. 1942ರಲ್ಲಿ ಅವರು ಒಳಬಾಗಿಸಿದ ಕ್ವಾರ್ಟ್ಸ್ ಸ್ಫಟಿಕದಿಂದ ಮೇಣದ ಗಟ್ಟಿಯ ನಡುಮಧ್ಯವನ್ನು ಕರಗಿಸಿದರು, ದನದ ಲಿವರ್‌ನ ಒಳಭಾಗವನ್ನು ಹೊರಪದರಕ್ಕೆ ಏನೂ ಆಗದಂತೆ ಸುಟ್ಟರು. ಬದುಕಿರುವ ಪ್ರಾಣಿಗಳ ಮೇಲೆ ಪ್ರಯೋಗಿಸಿದಾಗ ಮಾತ್ರ ಚರ್ಮವೂ ಸುಟ್ಟಿತು.

1950ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ವಿಲಿಯಂ ಫ್ರೈ ಮತ್ತು ಫ್ರಾನ್ಸಿಸ್ ಫ್ರೈ ಸಹೋದರರು ನಾಲ್ಕು ಟ್ರಾನ್ಸ್‌ಡ್ಯೂಸರ್‌ಗಳನ್ನು ಒಂದೇ ಬಿಂದುವಿಗೆ ಗುರಿಯಿಟ್ಟು ಪ್ರಾಣಿಗಳ ಮೆದುಳಿನಲ್ಲಿ ಬೇಕಾದಷ್ಟೇ ಗಾಯ ಮಾಡಿದರು. ಬಳಿಕ ಅಯೋವಾದ ನರಶಸ್ತ್ರಚಿಕಿತ್ಸಕ ರಸೆಲ್ ಮೇಯರ್ಸ್ ಜೊತೆ ಸೇರಿ ಪಾರ್ಕಿನ್ಸನ್ ರೋಗಿಗಳಿಗೆ ಚಿಕಿತ್ಸೆ ನೀಡಿದರು. ಧ್ವನಿ ಬುರುಡೆಯನ್ನು ಸರಿಯಾಗಿ ದಾಟದ ಕಾರಣ ಮೊದಲು ಬುರುಡೆಯ ತುಂಡೊಂದನ್ನು ತೆಗೆಯಬೇಕಿತ್ತು. ಮೆದುಳಿನ ಮೃದು ರಚನೆ ಎಕ್ಸ್‌ರೇಯಲ್ಲಿ ಕಾಣದ್ದರಿಂದ ಅದರೊಳಗಿನ ಕುಹರಗಳನ್ನು ಗುರುತಾಗಿಟ್ಟುಕೊಂಡು ಗುರಿಯನ್ನು ಲೆಕ್ಕ ಹಾಕಬೇಕಿತ್ತು. ಶಸ್ತ್ರವಿಲ್ಲದ ಚಿಕಿತ್ಸೆಗೆ ಶಸ್ತ್ರಚಿಕಿತ್ಸೆಯೇ ಪೀಠಿಕೆ! ಇಷ್ಟರಲ್ಲಿ ಪಾರ್ಕಿನ್ಸನ್‌ಗೆ ಲಿವೊಡೋಪ ಮಾತ್ರೆ ಬಂತು, ಆಸಕ್ತಿ ಇಳಿಯಿತು. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ ಕೂಡ ಮೊದಲು ಅಲ್ಟ್ರಾಸೌಂಡನ್ನು ಪ್ರಯತ್ನಿಸಿ, ಬಿಟ್ಟು, ವಿಕಿರಣದ ಕಡೆ ತಿರುಗಿದ. ಗಾಮಾ ನೈಫ್ ಎಂಬ ವಿಕಿರಣ ಯಂತ್ರ ಹುಟ್ಟಿದ್ದು ಹಾಗೆ.

ನಡುವೆ ಕಣ್ಣಿನ ವೈದ್ಯಕೀಯದಲ್ಲಿ ಒಂದು ಗೆಲುವು ಸಿಕ್ಕಿತು. ನ್ಯೂಯಾರ್ಕಿನ ಫ್ರೆಡರಿಕ್ ಲಿಜಿ ಮತ್ತು ಜಾಕ್ಸನ್ ಕೋಲ್ಮನ್ ಗ್ಲಾಕೋಮಾಕ್ಕೆಂದು ರೂಪಿಸಿದ ಸೋನೋಕೇರ್ ಯಂತ್ರಕ್ಕೆ 1988ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಲೇಸರ್ ಬಂದು ಅದನ್ನು ಬದಿಗೆ ಸರಿಸಿತು.

ಬಿಸಿಯನ್ನು ಕಾಣುವುದು

1990ರ ದಶಕದ ಆರಂಭದಲ್ಲಿ ಬೋಸ್ಟನ್ನಿನ ಬ್ರಿಗ್‌ಹ್ಯಾಮ್ ಅಂಡ್ ವಿಮೆನ್ಸ್ ಆಸ್ಪತ್ರೆಯಲ್ಲಿ ಹಂಗೇರಿ ಮೂಲದ ರೇಡಿಯಾಲಜಿಸ್ಟ್ ಫೆರೆಂಕ್ ಯೋಲೆಸ್ ಮತ್ತು ಫಿನ್ಲೆಂಡ್ ಮೂಲದ ಭೌತವಿಜ್ಞಾನಿ ಕುಲೆರ್ವೊ ಹ್ಯುನಿನೆನ್, ಜಿಇ ಕಂಪನಿಯ ಸಂಶೋಧಕರೊಡನೆ ಸೇರಿ, ಟ್ರಾನ್ಸ್‌ಡ್ಯೂಸರನ್ನು ಎಂಆರ್‌ಐ ಮೇಜಿನೊಳಗೆ ಕೂರಿಸಿದರು. ಎಂಆರ್‌ಐ ಎಂದರೆ ಬಲವಾದ ಕಾಂತಕ್ಷೇತ್ರ. ಕಬ್ಬಿಣದ ಯಾವ ತುಂಡೂ ಹತ್ತಿರ ಸುಳಿಯುವಂತಿಲ್ಲ. ಟ್ರಾನ್ಸ್‌ಡ್ಯೂಸರನ್ನು ಸರಿಸುವ ಮೋಟಾರೂ ಆ ಕ್ಷೇತ್ರಕ್ಕೆ ಹೊಂದುವಂತಿರಬೇಕು. ಇಷ್ಟೆಲ್ಲ ಪಾಡು ಪಟ್ಟದ್ದು ಗಡ್ಡೆಯ ಸ್ಪಷ್ಟ ಚಿತ್ರಕ್ಕಾಗಿ ಮಾತ್ರವಲ್ಲ. ಎಂಆರ್‌ಐ ಬಿಸಿಯನ್ನು ಅಳೆಯಬಲ್ಲದು.

ಅದು ನಡೆಯುವ ಬಗೆ ಹೀಗಿದೆ. ಎಂಆರ್‌ಐ ಚಿತ್ರ ಮೂಡುವುದು ನೀರಿನ ಅಣುಗಳಲ್ಲಿರುವ ಹೈಡ್ರೋಜನ್‌ನಿಂದ. ಕಾಂತಕ್ಷೇತ್ರದಲ್ಲಿ ಈ ಹೈಡ್ರೋಜನ್ ಒಂದು ನಿಶ್ಚಿತ ಆವರ್ತನಕ್ಕೆ ಸ್ಪಂದಿಸುತ್ತದೆ. ನೀರು ಬಿಸಿಯಾದರೆ ಅಣುಗಳ ನಡುವಿನ ಹೈಡ್ರೋಜನ್ ಬಂಧಗಳು ಸಡಿಲವಾಗಿ ಆ ಆವರ್ತನ ಕೊಂಚ ಕುಸಿಯುತ್ತದೆ, ಒಂದು ಡಿಗ್ರಿಗೆ ಹತ್ತು ಕೋಟಿಯಲ್ಲಿ ಒಂದು ಪಾಲು. ದಿನಬಳಕೆಯ 1.5 ಟೆಸ್ಲಾ ಯಂತ್ರದ ಆವರ್ತನ ಸೆಕೆಂಡಿಗೆ ಸುಮಾರು 6.4 ಕೋಟಿ, ಅದರಲ್ಲಿ ಒಂದು ಡಿಗ್ರಿ ಬಿಸಿ ಎಂದರೆ ಒಂದು ಹರ್ಟ್ಸ್‌ಗೂ ಕಡಿಮೆ ವ್ಯತ್ಯಾಸ. ಇಷ್ಟು ಅಲ್ಪವನ್ನು ಹಿಡಿಯಲು, ಕಾಯಿಸುವ ಮುಂಚೆ ತೆಗೆದ ಚಿತ್ರವನ್ನು ಕಾಯಿಸುವಾಗಿನ ಚಿತ್ರದಿಂದ ಕಳೆಯುತ್ತಾರೆ. ಉಳಿದದ್ದೇ ತಾಪಮಾನದ ನಕ್ಷೆ. ಕೆಲವು ಸೆಕೆಂಡಿಗೊಮ್ಮೆ ಅದು ಹೊಸದಾಗಿ ಪರದೆಯ ಮೇಲೆ ಮೂಡುತ್ತದೆ, ಗಡ್ಡೆಯ ಯಾವ ಭಾಗ 40 ಡಿಗ್ರಿ, ಯಾವುದು 60 ಎಂದು ಬಣ್ಣಗಳಲ್ಲಿ.

ಇದರ ಎರಡು ದೌರ್ಬಲ್ಯಗಳು ಈ ಲೆಕ್ಕದೊಳಗೇ ಅಡಗಿವೆ. ಕೊಬ್ಬಿನಲ್ಲಿರುವ ಹೈಡ್ರೋಜನ್‌ಗೆ ಈ ಗುಣವಿಲ್ಲ, ಆದ್ದರಿಂದ ಕೊಬ್ಬು ತುಂಬಿದ ಸ್ತನದಂಥ ಅಂಗದಲ್ಲಿ ನಕ್ಷೆ ತಪ್ಪು ಹೇಳಬಹುದು. ಎರಡು ಚಿತ್ರಗಳ ನಡುವೆ ರೋಗಿ ಕೊಂಚ ಅಲುಗಿದರೂ ಕಳೆಯುವ ಲೆಕ್ಕ ಕೆಡುತ್ತದೆ. ಉಸಿರಿನೊಡನೆ ಮೇಲೆ ಕೆಳಗೆ ಸರಿಯುವ ಲಿವರ್‌ಗೆ ಎಂಆರ್‌ಐ ವಿಧಾನ ಇಂದಿಗೂ ಸುಲಭವಾಗಿ ಒಗ್ಗದಿರಲು ಕಾರಣ ಇದು.

2001ರಲ್ಲಿ ಹ್ಯುನಿನೆನ್ ತಂಡ 9 ಮಹಿಳೆಯರ ಸ್ತನದಲ್ಲಿದ್ದ 11 ಫೈಬ್ರೊಅಡಿನೋಮಾ ಗಡ್ಡೆಗಳಿಗೆ ಹೀಗೆ ಚಿಕಿತ್ಸೆ ಕೊಟ್ಟು ವರದಿ ಮಾಡಿತು. ಅಷ್ಟರಲ್ಲಿ ಈ ತಂತ್ರಜ್ಞಾನವನ್ನು ಮಾರುಕಟ್ಟೆಗೆ ತರಲು ಇಸ್ರೇಲ್‌ನಲ್ಲಿ 1999ರಲ್ಲಿ ಇನ್‌ಸೈಟೆಕ್ ಕಂಪನಿ ಹುಟ್ಟಿಕೊಂಡಿತ್ತು.

ಫೈಬ್ರಾಯ್ಡ್: ಮೊದಲ ಒಪ್ಪಿಗೆ

ಇನ್‌ಸೈಟೆಕ್‌ನ ಎಕ್ಸಾಬ್ಲೇಟ್ ಯಂತ್ರಕ್ಕೆ 2004ರ ಅಕ್ಟೋಬರಿನಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು ಗರ್ಭಕೋಶದ ಫೈಬ್ರಾಯ್ಡ್‌ಗೆ. ಫೈಬ್ರಾಯ್ಡ್ ಕ್ಯಾನ್ಸರ್ ಅಲ್ಲ; ಗರ್ಭಕೋಶದ ಸ್ನಾಯುವಿನಿಂದ ಬೆಳೆಯುವ ಸಾಧು ಗಡ್ಡೆ. ಆದರೆ ಅತಿಯಾದ ಮುಟ್ಟಿನ ಸ್ರಾವ, ರಕ್ತಹೀನತೆ, ಕಿಬ್ಬೊಟ್ಟೆಯ ಭಾರ, ಪದೇ ಪದೇ ಮೂತ್ರ ಇವುಗಳಿಂದ ಹೆಂಗಸರ ಬದುಕನ್ನು ಹೈರಾಣಾಗಿಸುತ್ತದೆ. ಗರ್ಭಕೋಶವನ್ನೇ ತೆಗೆಸಿಬಿಡುವ ಸಲಹೆ ಬೇಗ ಬಂದುಬಿಡುವ ಕಡೆ, ಅಂಗವನ್ನು ಉಳಿಸಿಕೊಂಡು ಗಡ್ಡೆಯನ್ನಷ್ಟೇ ಕೊಲ್ಲುವ ವಿಧಾನಕ್ಕೆ ವಿಶೇಷ ಬೆಲೆಯಿದೆ.

ಚಿಕಿತ್ಸೆಯ ದಿನ ರೋಗಿ ಬರಿಹೊಟ್ಟೆಯಲ್ಲಿ ಬರುತ್ತಾಳೆ. ಕಿಬ್ಬೊಟ್ಟೆಯ ಕೂದಲನ್ನು ಪೂರ್ತಿ ತೆಗೆದಿರುತ್ತಾರೆ, ಏಕೆಂದರೆ ಕೂದಲ ಬುಡದಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆ ಅಲೆಯನ್ನು ತಡೆದು ಅಲ್ಲೇ ಚರ್ಮವನ್ನು ಸುಡಬಲ್ಲದು. ಮೂತ್ರಕೋಶ ತುಂಬಿಕೊಂಡು ಗುರಿಯನ್ನು ಸರಿಸದಿರಲಿ ಎಂದು ಕ್ಯಾಥಿಟರ್ ಹಾಕುತ್ತಾರೆ. ಅವಳು ಎಂಆರ್‌ಐ ಮೇಜಿನ ಮೇಲೆ ಬೋರಲಾಗಿ ಮಲಗುತ್ತಾಳೆ. ಹೊಟ್ಟೆಯ ಅಡಿ ಜೆಲ್ ಹಾಸು, ಅದರಡಿ ಗಾಳಿ ತೆಗೆದ ನೀರು, ನೀರಿನೊಳಗೆ ಟ್ರಾನ್ಸ್‌ಡ್ಯೂಸರ್. ಮಂಪರು ಬರಿಸುವ ಔಷಧ ಮತ್ತು ನೋವುಶಾಮಕ ಕೊಟ್ಟಿರುತ್ತಾರೆ, ಪೂರ್ತಿ ಪ್ರಜ್ಞೆ ತಪ್ಪಿಸುವುದಿಲ್ಲ. ಕೈಯಲ್ಲಿ ಒಂದು ಗುಂಡಿ ಇರುತ್ತದೆ: ಕಾಲಿಗೆ ಸೆಳೆತ ಇಳಿದರೆ ಅಥವಾ ಚರ್ಮ ಉರಿದರೆ ಅವಳೇ ಒತ್ತಿ ಯಂತ್ರವನ್ನು ನಿಲ್ಲಿಸಬಹುದು. ಈ ಗುಂಡಿ ಬರಿಯ ಸಮಾಧಾನಕ್ಕಲ್ಲ. ಗರ್ಭಕೋಶದ ಹಿಂದೆ ಬೆನ್ನುಮೂಳೆಯ ಬುಡದಲ್ಲಿ ಕಾಲಿನ ನರಗಳು ಹಾದುಹೋಗುತ್ತವೆ. ಗಡ್ಡೆ ದಾಟಿ ಹೋದ ಶಕ್ತಿ ಮೂಳೆಗೆ ತಾಗಿ ಬಿಸಿಯಾದರೆ ನರಕ್ಕೆ ಪೆಟ್ಟು. ಅದನ್ನು ಎಲ್ಲರಿಗಿಂತ ಮೊದಲು ಅರಿಯುವವಳು ಅವಳು.

ಮೊದಲು ಕಡಿಮೆ ಶಕ್ತಿಯಲ್ಲಿ ಪರೀಕ್ಷಾರ್ಥ ಒಂದು ಸಲ ಕೊಟ್ಟು, ನಕ್ಷೆಯಲ್ಲಿ ಬಿಸಿ ಮೂಡಿದ ಜಾಗ ಗುರಿಯ ಮೇಲೆಯೇ ಇದೆಯೇ ಎಂದು ನೋಡಿ, ಸರಿಪಡಿಸಿಕೊಳ್ಳುತ್ತಾರೆ. ಆಮೇಲೆ ಒಂದೊಂದು ಸಲ ಸುಮಾರು 20 ಸೆಕೆಂಡು ಕಾಯಿಸುವುದು, ದಾರಿಯಲ್ಲಿರುವ ಚರ್ಮ-ಕೊಬ್ಬು ತಣ್ಣಗಾಗಲು ಒಂದೆರಡು ನಿಮಿಷ ಕಾಯುವುದು, ಮತ್ತೆ ಪಕ್ಕದ ಜಾಗ. ಮೂರು ನಾಲ್ಕು ಗಂಟೆ ಹೀಗೇ ಸಾಗುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಕಾಯುವುದರಲ್ಲೇ ಕಳೆಯುತ್ತದೆ. ಕೊನೆಗೆ ಗ್ಯಾಡೋಲಿನಿಯಂ ಚುಚ್ಚುಮದ್ದು ಕೊಟ್ಟು ಚಿತ್ರ ತೆಗೆದರೆ, ರಕ್ತ ಹರಿಯದ ಸತ್ತ ಭಾಗ ಕಪ್ಪಾಗಿ ಕಾಣುತ್ತದೆ. ಆ ಕಪ್ಪು ಎಷ್ಟು ದೊಡ್ಡದೋ ಲಕ್ಷಣಗಳು ಅಷ್ಟು ಚೆನ್ನಾಗಿ ಇಳಿಯುತ್ತವೆ, ಮರುಚಿಕಿತ್ಸೆಯ ಅಗತ್ಯ ಅಷ್ಟು ಕಡಿಮೆ. ಗಡ್ಡೆ ಅಂದೇ ಮಾಯವಾಗುವುದಿಲ್ಲ; ತಿಂಗಳುಗಟ್ಟಲೆ ನಿಧಾನಕ್ಕೆ ಕುಗ್ಗುತ್ತದೆ. ಹೆಚ್ಚಿನವರು ಅದೇ ದಿನ ಮನೆಗೆ ಹೋಗುತ್ತಾರೆ.

ಮುಂದೆ ಮಕ್ಕಳು ಬೇಕೆನ್ನುವವರಿಗೆ ಇದು ಬೇಡ ಎಂದು ಮೊದಲ ಒಪ್ಪಿಗೆಯಲ್ಲಿತ್ತು; 2015ರಲ್ಲಿ ಆ ನಿರ್ಬಂಧವನ್ನು ಸಡಿಲಿಸಲಾಯಿತು. ಗಡ್ಡೆಗೆ ರಕ್ತ ಹೋಗುವ ನಾಳವನ್ನು ಮುಚ್ಚುವ ಎಂಬೊಲೈಸೇಷನ್ ವಿಧಾನದೊಡನೆ ಅಮೆರಿಕದಲ್ಲಿ ಹೋಲಿಸಿ ನೋಡಿದಾಗ, ಅಲ್ಟ್ರಾಸೌಂಡ್ ಪಡೆದವರು ಬೇಗ ಚೇತರಿಸಿಕೊಂಡರೂ ನಂತರದ ವರ್ಷಗಳಲ್ಲಿ ಮತ್ತೆ ಚಿಕಿತ್ಸೆಗೆ ಬರುವುದು ಅವರಲ್ಲೇ ಹೆಚ್ಚಿತ್ತು. ಪ್ರಚಾರದ ಕೈಪಿಡಿಗಳಲ್ಲಿ ಮೊದಲ ಮಾತು ಸಿಗುತ್ತದೆ, ಎರಡನೆಯದು ಅಷ್ಟಾಗಿ ಸಿಗುವುದಿಲ್ಲ.

ಮೂಳೆ, ಪ್ರಾಸ್ಟೇಟ್

ಸ್ತನ, ಪ್ರಾಸ್ಟೇಟ್, ಶ್ವಾಸಕೋಶದ ಕ್ಯಾನ್ಸರುಗಳು ಮೂಳೆಗೆ ಹರಡಿದಾಗ ನೋವು ಅಸಹನೀಯವಾಗಿರುತ್ತದೆ. ವಿಕಿರಣವೇ ಅದಕ್ಕೆ ಮೊದಲ ಚಿಕಿತ್ಸೆ. ಅದು ನಾಟದವರಿಗೆ, ಅಥವಾ ಇನ್ನು ಕೊಡಲಾಗದವರಿಗೆ, ಕೇಂದ್ರೀಕೃತ ಅಲ್ಟ್ರಾಸೌಂಡ್ ನೆರವಾಗುತ್ತದೆ. ಮೂಳೆ ಧ್ವನಿಯನ್ನು ಬಹಳವಾಗಿ ಹೀರುವುದರಿಂದ ಕಡಿಮೆ ಶಕ್ತಿಯಲ್ಲೇ ಅದರ ಹೊರಪೊರೆ ಬಿಸಿಯಾಗಿ, ಅಲ್ಲಿರುವ ನೋವಿನ ನರಗಳು ಸಾಯುತ್ತವೆ. ಬೇರೆಡೆ ಅಡ್ಡಿಯಾಗುವ ಗುಣವೇ ಇಲ್ಲಿ ಉಪಕಾರಿ. 2012ರಲ್ಲಿ ಇದಕ್ಕೆ ಎಫ್‌ಡಿಎ ಒಪ್ಪಿಗೆ ಬಂತು. 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 147 ರೋಗಿಗಳಿದ್ದರು: 112 ಜನಕ್ಕೆ ನಿಜ ಚಿಕಿತ್ಸೆ, 35 ಜನಕ್ಕೆ ಯಂತ್ರದಲ್ಲಿ ಮಲಗಿಸಿಯೂ ಶಕ್ತಿ ಹರಿಸದ ತೋರಿಕೆಯ ಚಿಕಿತ್ಸೆ. ಮೂರು ತಿಂಗಳಲ್ಲಿ ಮೊದಲ ಗುಂಪಿನ ಶೇ. 64.3 ಜನರಿಗೆ, ಎರಡನೆಯದರ ಶೇ. 20 ಜನರಿಗೆ ಉಪಶಮನ ಕಂಡಿತು. ಈ ಕ್ಷೇತ್ರದಲ್ಲಿ ಇಷ್ಟು ಕಟ್ಟುನಿಟ್ಟಾದ ಪರೀಕ್ಷೆಗಳು ವಿರಳ, ಅದಕ್ಕೇ ಇಲ್ಲಿ ಅಂಕಿಗಳ ಸಮೇತ ಹೇಳಿದ್ದು. ಇದು ಕ್ಯಾನ್ಸರನ್ನು ವಾಸಿಮಾಡುವ ಚಿಕಿತ್ಸೆಯಲ್ಲ, ನೋವಿನದು. ಎಳೆಯರ ಮೂಳೆಯಲ್ಲಿ ಬರುವ ಆಸ್ಟಿಯಾಯ್ಡ್ ಆಸ್ಟಿಯೋಮಾ ಎಂಬ ಸಾಧು ಗಡ್ಡೆಗೂ 2020ರಿಂದ ಅಮೆರಿಕದಲ್ಲಿ ಅನುಮತಿ ಇದೆ.

ಪ್ರಾಸ್ಟೇಟ್‌ನ ಕಥೆ ಶುರುವಾದದ್ದು ಫ್ರಾನ್ಸಿನ ಲಿಯಾನ್ ನಗರದಲ್ಲಿ. 1990ರ ದಶಕದಲ್ಲಿ ಅಲ್ಲಿ ರೂಪುಗೊಂಡ ಆಬ್ಲಾಥರ್ಮ್ ಯಂತ್ರ ಗುದದ್ವಾರದ ಮೂಲಕ ಒಳಗಿಟ್ಟ ಸಾಧನದಿಂದ ಗ್ರಂಥಿಯನ್ನು ಸುಡುತ್ತದೆ. ಮಾರ್ಗದರ್ಶನಕ್ಕೆ ಅಲ್ಟ್ರಾಸೌಂಡ್ ಚಿತ್ರ. ಕೊಯ್ಯುವುದಿಲ್ಲ ಎಂಬ ಅರ್ಥದಲ್ಲಿ ಮಾತ್ರ ಇದು ಹೊರಗಿನ ಚಿಕಿತ್ಸೆ. ಯುರೋಪ್ ಬೇಗ ಒಪ್ಪಿಕೊಂಡಿತು, ಅಮೆರಿಕ ಒಪ್ಪಿದ್ದು 2015ರಲ್ಲಿ. ಆಗಲೂ ಅನುಮತಿಯ ಒಕ್ಕಣೆಯಲ್ಲಿ ‘ಪ್ರಾಸ್ಟೇಟ್ ಅಂಗಾಂಶವನ್ನು ನಾಶಪಡಿಸಲು’ ಎಂದಿತ್ತೇ ಹೊರತು ಕ್ಯಾನ್ಸರ್ ಎಂಬ ಪದವಿರಲಿಲ್ಲ. ಈಗಿನ ಒಲವು ಇಡೀ ಗ್ರಂಥಿಯ ಬದಲು ಕ್ಯಾನ್ಸರ್ ಇರುವ ಭಾಗವನ್ನಷ್ಟೇ ಸುಡುವ ಕಡೆಗೆ; ಮೂತ್ರದ ಹಿಡಿತ ಮತ್ತು ಲೈಂಗಿಕ ಶಕ್ತಿ ಉಳಿಯಲಿ ಎಂಬ ಆಸೆ. ಬ್ರಿಟನ್ನಿನ 625 ರೋಗಿಗಳ 2018ರ ವರದಿಯಲ್ಲಿ ಐದು ವರ್ಷಗಳ ಕೊನೆಗೆ ಶೇ. 88 ಜನರಲ್ಲಿ ಚಿಕಿತ್ಸೆ ವಿಫಲವಾಗಿರಲಿಲ್ಲ. ಆದರೆ ಹೋಲಿಸಲು ಬೇರೆ ಗುಂಪಿರಲಿಲ್ಲ. ಪ್ರಾಸ್ಟೇಟ್ ಕ್ಯಾನ್ಸರ್‌ನಂಥ ನಿಧಾನದ ರೋಗದಲ್ಲಿ ಐದು ವರ್ಷ ದೊಡ್ಡ ಅವಧಿಯೂ ಅಲ್ಲ. ಮೂತ್ರನಾಳದೊಳಗಿಂದ ಹೊರಮುಖವಾಗಿ ಕಾಯಿಸುವ, ಎಂಆರ್‌ಐ ನಕ್ಷೆ ನೋಡಿ ತಾನೇ ಶಕ್ತಿಯನ್ನು ಏರಿಳಿಸುವ ಟುಲ್ಸಾ ಎಂಬ ಕೆನಡಾ ಯಂತ್ರಕ್ಕೆ 2019ರಲ್ಲಿ ಅನುಮತಿ ಸಿಕ್ಕಿದೆ.

ಲಿವರ್ ಮತ್ತು ಗುಳ್ಳೆಗಳ ಮೋಡ

ಬೋಸ್ಟನ್ನಿನಲ್ಲಿ ಎಂಆರ್‌ಐ ಹಾದಿ ಸಿದ್ಧವಾಗುತ್ತಿದ್ದಾಗಲೇ ಚೀನಾದ ಚೋಂಗ್‌ಚಿಂಗ್‌ನಲ್ಲಿ ಬೇರೊಂದು ಹಾದಿ ತೆರೆದಿತ್ತು. ಅಲ್ಲಿಯ ಯಂತ್ರಗಳಿಗೆ ಮಾರ್ಗದರ್ಶಿ ಅಲ್ಟ್ರಾಸೌಂಡ್. 1997ರ ಡಿಸೆಂಬರಿನಿಂದ 2001ರ ಅಕ್ಟೋಬರಿನವರೆಗೆ ಹತ್ತು ಚೀನೀ ಆಸ್ಪತ್ರೆಗಳಲ್ಲಿ ಲಿವರ್, ಸ್ತನ, ಮೂಳೆ, ಮೂತ್ರಪಿಂಡ, ಮೇದೋಜೀರಕ ಗ್ರಂಥಿ ಮೊದಲಾದವುಗಳ ಗಡ್ಡೆಯಿದ್ದ 1,038 ರೋಗಿಗಳಿಗೆ ಚಿಕಿತ್ಸೆ ಕೊಟ್ಟದ್ದನ್ನು ವೂ ಫೆಂಗ್ ಮತ್ತು ಸಂಗಡಿಗರು 2004ರಲ್ಲಿ ವರದಿ ಮಾಡಿದರು. ಪಶ್ಚಿಮದವರು ಹತ್ತಿಪ್ಪತ್ತು ರೋಗಿಗಳ ಲೆಕ್ಕದಲ್ಲಿದ್ದಾಗ ಇದು ಬೆರಗಿನ ಸಂಖ್ಯೆ. ಅಲ್ಟ್ರಾಸೌಂಡ್ ಮಾರ್ಗದರ್ಶನ ಅಗ್ಗ, ಚುರುಕು, ಅಂಗದ ಚಲನೆಯನ್ನೂ ತೋರಿಸುತ್ತದೆ. ಬಿಸಿಯನ್ನು ಮಾತ್ರ ಅಳೆಯದು. ಕಾದ ಜಾಗದಲ್ಲಿ ಗುಳ್ಳೆಗಳು ಹುಟ್ಟಿ ಚಿತ್ರ ಬೆಳ್ಳಗಾಗುವುದನ್ನು ನೋಡಿ, ಸುಟ್ಟಿತು ಎಂದು ವೈದ್ಯರು ಅಂದಾಜಿಸಬೇಕು.

ಲಿವರ್‌ಗೆ ಪಕ್ಕೆಲುಬುಗಳ ಅಡ್ಡಿ ಬೇರೆ. ಅವು ಅಲೆಯನ್ನು ಹೀರಿ ಕಾಯುತ್ತವೆ, ಮೇಲಿನ ಚರ್ಮವನ್ನು ಸುಡುತ್ತವೆ. ಈ ತೊಡಕಿಗೆ ಉತ್ತರ ಬಂದದ್ದು ಬಿಸಿಯನ್ನೇ ಕೈಬಿಟ್ಟ ವಿಧಾನದಿಂದ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಕೇನ್, ಝೆನ್ ಶು ಮತ್ತಿತರರು 2000ದ ದಶಕದಲ್ಲಿ ಬೆಳೆಸಿದ ಹಿಸ್ಟೋಟ್ರಿಪ್ಸಿಯಲ್ಲಿ ಅಲೆಗಳು ಮೈಕ್ರೋಸೆಕೆಂಡುಗಳ ಲೆಕ್ಕದ ಗಳಿಗೆಯಲ್ಲಿ, ಆದರೆ ಅತಿ ಹೆಚ್ಚಿನ ಒತ್ತಡದಲ್ಲಿ ಬರುತ್ತವೆ. ಒತ್ತಡ ಇಳಿಮುಖವಾದ ಕ್ಷಣದಲ್ಲಿ ಅಂಗಾಂಶದಲ್ಲಿರುವ ಅನಿಲ ಅಸಂಖ್ಯ ಸೂಕ್ಷ್ಮ ಗುಳ್ಳೆಗಳಾಗಿ ಅರಳಿ, ಮರುಕ್ಷಣ ಕುಸಿಯುತ್ತದೆ. ಈ ಅರಳು-ಕುಸಿತದ ಹೊಡೆತಕ್ಕೆ ಜೀವಕೋಶಗಳು ಹರಿದು ದ್ರವವಾಗುತ್ತವೆ. ಎರಡು ಹೊಡೆತಗಳ ನಡುವೆ ಬಿಡುವು ಸಾಕಷ್ಟಿರುವುದರಿಂದ ಬಿಸಿ ಕಟ್ಟುವುದಿಲ್ಲ. ಕೊಲ್ಯಾಜೆನ್ ಹೆಚ್ಚಿರುವ ದಪ್ಪ ರಕ್ತನಾಳ, ಪಿತ್ತನಾಳಗಳು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ಇನ್ನೊಂದು ಅನುಕೂಲ: ಗುಳ್ಳೆಗಳ ಮೋಡ ಮಾಮೂಲು ಅಲ್ಟ್ರಾಸೌಂಡ್ ಚಿತ್ರದಲ್ಲೇ ಹೊಳೆಯುತ್ತದೆ. ಏನು ಕಾಣುತ್ತದೋ ಅದೇ ಕೆಲಸ ಮಾಡುತ್ತಿರುವುದು, ಆದ್ದರಿಂದ ದುಬಾರಿ ಎಂಆರ್‌ಐ ಬೇಕಿಲ್ಲ. ಈ ಬರಹಗಾರನ ಎಣಿಕೆಯಲ್ಲಿ, ತಾಪಮಾನ ನಕ್ಷೆಯ ನಂತರ ಈ ಕ್ಷೇತ್ರದಲ್ಲಿ ಆದ ಅತಿ ಮುಖ್ಯ ಬದಲಾವಣೆ ಇದು.

ಹಿಸ್ಟೋಸೋನಿಕ್ಸ್ ಕಂಪನಿಯ ಎಡಿಸನ್ ಯಂತ್ರಕ್ಕೆ 2023ರ ಅಕ್ಟೋಬರಿನಲ್ಲಿ ಲಿವರ್ ಗಡ್ಡೆಗಳಿಗಾಗಿ ಎಫ್‌ಡಿಎ ಅನುಮತಿ ದೊರೆಯಿತು. ಅದಕ್ಕೆ ಆಧಾರವಾದ ಅಧ್ಯಯನದಲ್ಲಿ 44 ರೋಗಿಗಳ 49 ಗಡ್ಡೆಗಳಿದ್ದವು; ಶೇ. 95ರಷ್ಟು ಗುರಿ ಮುಟ್ಟಿತು, ಮೂವರಿಗೆ ಗಂಭೀರ ತೊಂದರೆಯಾಯಿತು. ಗುರಿ ಮುಟ್ಟಿದ್ದು ಎಂದರೆ ಯೋಜಿಸಿದ ಜಾಗ ನಾಶವಾದದ್ದು. ರೋಗಿ ಹೆಚ್ಚು ಕಾಲ ಬದುಕಿದ್ದು ಎಂದಲ್ಲ.

ಬುರುಡೆಯೊಳಗೆ

ಫ್ರೈ ಸಹೋದರರನ್ನು ತಡೆದ ಬುರುಡೆ ಈಗ ತಡೆಯಾಗಿ ಉಳಿದಿಲ್ಲ, ಆದರೆ ಪೂರ್ತಿ ಸೋತಿಲ್ಲ. 1,024 ತುಣುಕುಗಳ ಅರ್ಧಗೋಳದ ಟ್ರಾನ್ಸ್‌ಡ್ಯೂಸರ್ ತಲೆಯನ್ನು ಟೋಪಿಯಂತೆ ಆವರಿಸುತ್ತದೆ. ಮೊದಲೇ ತೆಗೆದ ಸಿಟಿ ಸ್ಕ್ಯಾನ್‌ನಿಂದ ಬುರುಡೆಯ ಒಂದೊಂದು ಜಾಗದ ದಪ್ಪ ಮತ್ತು ಸಾಂದ್ರತೆ ಅರಿತು, ಅಲ್ಲಲ್ಲಿ ಅಲೆ ಎಷ್ಟು ಮುಂಚೆ ಅಥವಾ ತಡವಾಗಿ ಹೊರಡಬೇಕೆಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಬುರುಡೆ ಕಾಯದಂತೆ ತಣ್ಣೀರು ಹರಿಯುತ್ತಿರುತ್ತದೆ, ತಲೆಗೂದಲನ್ನು ಬೋಳಿಸಿರುತ್ತಾರೆ. ಕೈ ನಡುಕದ ಕಾಯಿಲೆಗೆ 2016ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು, ಅಲ್ಲಿ ಗೆಲುವು ನಿಚ್ಚಳ. ಗಡ್ಡೆಗಳ ವಿಷಯ ಹಾಗಲ್ಲ. ಮೆದುಳಿನ ನಡುಭಾಗಕ್ಕೆ ಮಾತ್ರ ಅಲೆಗಳು ಚೆನ್ನಾಗಿ ಕೂಡುತ್ತವೆ, ಅಂಚಿಗೆ ಹೋದಂತೆ ಬುರುಡೆಯೇ ಕಾಯತೊಡಗುತ್ತದೆ. ಮರುಕಳಿಸಿದ ಗ್ಲಿಯೋಬ್ಲಾಸ್ಟೋಮಾ ಎಂಬ ಮೆದುಳು ಗಡ್ಡೆಯ ಒಂದು ಭಾಗವನ್ನು ಬುರುಡೆ ತೆರೆಯದೆ ಸುಟ್ಟ ವರದಿ 2014ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಿಂದ ಬಂತು.

ಹೆಚ್ಚು ಭರವಸೆ ಇರುವುದು ಸುಡದ ಬಳಕೆಯಲ್ಲಿ. ಮೆದುಳಿನ ರಕ್ತನಾಳಗಳ ಗೋಡೆ ಬಹುತೇಕ ಔಷಧಗಳನ್ನು ಒಳಗೆ ಬಿಡುವುದಿಲ್ಲ. ಕ್ಯಾನ್ಸರ್ ಔಷಧಗಳು ಮೆದುಳಿನಲ್ಲಿ ಸೋಲಲು ಅದು ಒಂದು ಕಾರಣ. ರಕ್ತಕ್ಕೆ ಸೂಕ್ಷ್ಮ ಗುಳ್ಳೆಗಳನ್ನು ಚುಚ್ಚಿ, ಕಡಿಮೆ ತೀವ್ರತೆಯ ಅಲ್ಟ್ರಾಸೌಂಡ್ ಹಾಯಿಸಿದರೆ, ಆ ಗುಳ್ಳೆಗಳು ಹಿಗ್ಗಿ ಕುಗ್ಗಿ ಗೋಡೆಯ ಸಂದುಗಳನ್ನು ಸಡಿಲಿಸುತ್ತವೆ. ಒಂದು ದಿನದೊಳಗೆ ಅದು ಮತ್ತೆ ಮುಚ್ಚಿಕೊಳ್ಳುತ್ತದೆ. ಹ್ಯುನಿನೆನ್ 2001ರಲ್ಲಿ ಮೊಲಗಳಲ್ಲಿ ತೋರಿಸಿದ್ದನ್ನು 2015ರಲ್ಲಿ ಟೊರಾಂಟೊದ ಸನ್ನಿಬ್ರೂಕ್ ಆಸ್ಪತ್ರೆಯಲ್ಲಿ ಮೆದುಳು ಗಡ್ಡೆಯ ರೋಗಿಗೆ, ಬುರುಡೆ ತೆರೆಯದೆಯೇ, ಮೊದಲ ಸಲ ಮಾಡಲಾಯಿತು. ಮೆದುಳಿಗೆ ಹರಡಿದ ಸ್ತನ ಕ್ಯಾನ್ಸರ್‌ನಲ್ಲಿ ಟ್ರಾಸ್ಟುಜುಮಾಬ್ ಔಷಧ ಹೀಗೆ ಒಳಗೆ ಹೆಚ್ಚಾಗಿ ಇಳಿಯುವುದನ್ನು ಅದೇ ಆಸ್ಪತ್ರೆಯ ತಂಡ 2021ರಲ್ಲಿ ಚಿತ್ರ ಸಮೇತ ತೋರಿಸಿತು.

ಮಿತಿಗಳು

ಗಾಳಿ ಮತ್ತು ಮೂಳೆ ಈ ಚಿಕಿತ್ಸೆಯ ಹಳೆಯ ಶತ್ರುಗಳು. ಗಾಳಿ ತುಂಬಿದ ಶ್ವಾಸಕೋಶ, ಕರುಳುಗಳ ಹಿಂದೆ ಅವಿತ ಗಡ್ಡೆಗಳಿಗೆ ಅಲೆ ತಲುಪದು. ಹಳೆಯ ಶಸ್ತ್ರಚಿಕಿತ್ಸೆಯ ಕಲೆಯೂ ತೊಡಕೇ, ಅದು ಅಲೆಯನ್ನು ಹೀರಿ ಸುಡುತ್ತದೆ. ಚರ್ಮದ ಸುಟ್ಟಗಾಯ, ನರಕ್ಕೆ ಪೆಟ್ಟು, ಅಪರೂಪಕ್ಕೆ ಕರುಳಿಗೆ ಹಾನಿ ಇವು ದಾಖಲಾದ ಅಪಾಯಗಳು. ದೇಹದ ತುಂಬ ಹರಡಿದ ಕ್ಯಾನ್ಸರಿಗೆ ಇದು ಉತ್ತರವಲ್ಲ. ಸುಟ್ಟ ಅಥವಾ ಒಡೆದ ಗಡ್ಡೆಯ ಅವಶೇಷಗಳು ರೋಗನಿರೋಧಕ ವ್ಯವಸ್ಥೆಯನ್ನು ಎಚ್ಚರಿಸಿ ದೂರದ ಗಡ್ಡೆಗಳನ್ನೂ ಕುಗ್ಗಿಸಬಹುದೆಂಬ ಆಸೆಗೆ ಪ್ರಾಣಿಗಳಲ್ಲಿ ಆಧಾರಗಳಿವೆ; ಮನುಷ್ಯರಲ್ಲಿ ಅದನ್ನು ನೆಚ್ಚಿ ಚಿಕಿತ್ಸೆ ನಿರ್ಧರಿಸುವ ಹಂತ ಬಂದಿಲ್ಲ.

ಯಂತ್ರದ ಬೆಲೆ, ಒಬ್ಬ ರೋಗಿಗೆ ಗಂಟೆಗಟ್ಟಲೆ ಬೇಕಾಗುವ ಎಂಆರ್‌ಐ ಹೊತ್ತು, ತರಬೇತಾದ ತಂಡ ಇವು ಹರಡುವಿಕೆಯನ್ನು ತಡೆದಿವೆ. ಈ ವಿಧಾನಕ್ಕೆ ಬೆಂಬಲ ಗಿಟ್ಟಿಸಲು 2006ರಲ್ಲಿ ಅಮೆರಿಕದ ನರಶಸ್ತ್ರಚಿಕಿತ್ಸಕ ನೀಲ್ ಕ್ಯಾಸೆಲ್ ವರ್ಜೀನಿಯಾದಲ್ಲಿ ಫೋಕಸ್ಡ್ ಅಲ್ಟ್ರಾಸೌಂಡ್ ಫೌಂಡೇಷನ್ ಸ್ಥಾಪಿಸಿದರು. ಕೋರ್ಟು ಕಾದಂಬರಿಗಳಿಗೆ ಹೆಸರಾದ ಜಾನ್ ಗ್ರಿಷಮ್ ಆ ಸಂಸ್ಥೆಗಾಗಿ 2015ರಲ್ಲಿ ‘ದಿ ಟ್ಯೂಮರ್’ ಎಂಬ ಕಿರುಪುಸ್ತಕವನ್ನೇ ಬರೆದು ಉಚಿತವಾಗಿ ಹಂಚಿದರು. ಅದರಲ್ಲಿ ಮೆದುಳು ಗಡ್ಡೆಯ ಒಬ್ಬ ಕಲ್ಪಿತ ರೋಗಿ ಭವಿಷ್ಯದಲ್ಲಿ ಈ ಚಿಕಿತ್ಸೆಯಿಂದ ಎಷ್ಟು ವರ್ಷ ಹೆಚ್ಚು ಬದುಕಬಹುದಿತ್ತು ಎಂಬ ಊಹೆ ಇದೆ. ಉತ್ಸಾಹ ಸಾಕ್ಷ್ಯಕ್ಕಿಂತ ಮುಂದೆ ಓಡುವುದಕ್ಕೆ ಅದು ಒಳ್ಳೆಯ ಮಾದರಿ.

ವೈದ್ಯರು ಹೆಚ್ಚು ತಲೆಕೆಡಿಸಿಕೊಳ್ಳುವ ಮಿತಿ ಮತ್ತೊಂದು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆ ಪ್ಯಾಥಾಲಜಿ ಪ್ರಯೋಗಾಲಯಕ್ಕೆ ಹೋಗುತ್ತದೆ; ಅದು ಏನಾಗಿತ್ತು, ಅಂಚಿನವರೆಗೆ ಪೂರ್ತಿ ಬಂದಿದೆಯೇ ಎಂಬುದು ಸೂಕ್ಷ್ಮದರ್ಶಕದಲ್ಲಿ ತಿಳಿಯುತ್ತದೆ. ಇಲ್ಲಿ ಕೈಗೆ ಸಿಗುವ ತುಣುಕೇ ಇಲ್ಲ. ಫೈಬ್ರಾಯ್ಡ್ ಎಂದುಕೊಂಡದ್ದು ಅಪರೂಪಕ್ಕೆ ಲಿಯೋಮಯೋಸಾರ್ಕೋಮಾ ಎಂಬ ಕ್ಯಾನ್ಸರ್ ಆಗಿರಬಹುದು, ಎಂಆರ್‌ಐಯಲ್ಲಿ ಎರಡನ್ನೂ ಯಾವಾಗಲೂ ಬೇರ್ಪಡಿಸಿ ಹೇಳಲಾಗದು. ಹಾಗಾಗಿ ಅನುಮಾನವಿದ್ದರೆ ಮೊದಲು ಬಯಾಪ್ಸಿ ಮಾಡಿಸುತ್ತಾರೆ. ಕ್ಯಾನ್ಸರ್ ಗಡ್ಡೆಯಾಗಿದ್ದರೆ ಚಿಕಿತ್ಸೆಯ ನಂತರವೂ ವರ್ಷಗಟ್ಟಲೆ ಕಾಲಕಾಲಕ್ಕೆ ಸ್ಕ್ಯಾನ್ ಮಾಡಿ, ಸುಟ್ಟ ಜಾಗದ ಅಂಚಿನಲ್ಲಿ ಮತ್ತೆ ರಕ್ತ ಹರಿಯುತ್ತಿದೆಯೇ ಎಂದು ನೋಡುತ್ತಾರೆ. ಪ್ರಾಸ್ಟೇಟ್‌ನಲ್ಲಿ ಮರುಬಯಾಪ್ಸಿಯನ್ನೂ ಮಾಡುತ್ತಾರೆ.